ಓಟ ನಡೆಸುವವರೇ ತೀರ್ಪುಗಾರರಾದಾಗ: ದಕ್ಷಿಣದ ರೇಸ್ ಕ್ಲಬ್ಬುಗಳಿಗೆ ಬಹಿರಂಗ ಪತ್ರ

ಬೆಂಗಳೂರು, ಮೈಸೂರು, ಹೈದರಾಬಾದ್ ಮತ್ತು ಚೆನ್ನೈ ರೇಸ್ ಕ್ಲಬ್ಬುಗಳ ಪಂದ್ಯಗಳ ತೀರ್ಪುಗಾರರಾದ ಮಾನ್ಯ ಸ್ಟೀವರ್ಡ್‌ಗಳಿಗೂ ಆಡಳಿತ ಸಮಿತಿಗಳ ಸದಸ್ಯರಿಗೂ,

2014ರ ಜೂನ್ 2ರಂದು ಆಂಧ್ರಪ್ರದೇಶ ಇಬ್ಭಾಗವಾದಾಗ ಹೈದರಾಬಾದಿನ ಮಲಕ್‌ಪೇಟೆ ರೇಸ್‌ಕೋರ್ಸ್ ತೆಲಂಗಾಣದ ಪಾಲಾಯಿತು. ವಿಶಾಖಪಟ್ಟಣ ಮತ್ತು ವಿಜಯವಾಡದಂಥ ದೊಡ್ಡ ನಗರಗಳುಳ್ಳ ಉಳಿದ ಆಂಧ್ರದಲ್ಲಿ ಮಾನ್ಯತೆ ಪಡೆದ ಕುದುರೆ ಪಂದ್ಯದ ಅಂಗಳ ಒಂದೂ ಉಳಿಯಲಿಲ್ಲ. ಅಂಗಳ ಹೋದ ಮಾತ್ರಕ್ಕೆ ಆಸಕ್ತಿ ಹೋಗುವುದಿಲ್ಲ. ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಇರುವ ಪಂದ್ಯಪ್ರಿಯ ಓಟಕ್ಕೆ ಮುಂಚೆ ಪ್ಯಾಡಕ್‌ಗೆ, ಎಂದರೆ ಕುದುರೆಗಳನ್ನು ನಡೆಸಿ ತೋರಿಸುವ ಆವರಣಕ್ಕೆ, ಹೋಗಿ ಕುದುರೆಯ ನಡಿಗೆಯನ್ನೂ ಬೆವರನ್ನೂ ಕಣ್ಣಾರೆ ನೋಡಬಲ್ಲ. ವಿಜಯವಾಡದಲ್ಲಿ ಕುಳಿತವನಿಗಾದರೋ ಪತ್ರಿಕೆಯ ಅಂಕಣ, ಪರದೆಯ ಚಿತ್ರ ಮತ್ತು ಕ್ಲಬ್ಬು ಹೇಳಿದ ಮಾತು ಇಷ್ಟೇ ಆಧಾರ. ಕುದುರೆ ಪಂದ್ಯದ ಪ್ರೇಕ್ಷಕವರ್ಗ ಬಹುಮಟ್ಟಿಗೆ ಈಗ ಆ ಎರಡನೆಯ ಬಗೆಯವರಿಂದಲೇ ತುಂಬಿದೆ. ಆದುದರಿಂದ ಪಂದ್ಯದ ಅಳಿವು ಉಳಿವಿನ ಪ್ರಶ್ನೆಯನ್ನು ಅಂಗಳದ ಒಳಗಿನವರ ಕಣ್ಣಿನಿಂದಲ್ಲದೆ ಅಂಗಳವೇ ಇಲ್ಲದ ಊರಿನವರ ಕಣ್ಣಿನಿಂದ ನೋಡುವುದು ಈ ಪತ್ರದ ಉದ್ದೇಶ.

ಭಾರತದಲ್ಲಿ ಕುದುರೆ ಪಂದ್ಯದ ಬಾಜಿಗೆ ಇರುವ ಕಾನೂನಿನ ನೆರಳು ಎಲ್ಲಿಂದ ಬಂದದ್ದೆಂಬುದನ್ನು ಸ್ಟೀವರ್ಡ್‌ಗಳಿಗೆ ನೆನಪಿಸಬೇಕಾಗಿಲ್ಲವಾದರೂ, ಅದರ ಷರತ್ತನ್ನು ನೆನಪಿಸಬೇಕಾಗಿದೆ. ತಮಿಳುನಾಡು ಸರ್ಕಾರ 1974ರಲ್ಲಿ ಪಂದ್ಯದ ಬಾಜಿಯನ್ನು ರದ್ದುಮಾಡುವ ಕಾಯಿದೆಯನ್ನೂ 1986ರಲ್ಲಿ ಮದರಾಸು ರೇಸ್ ಕ್ಲಬ್ಬನ್ನೇ ಸ್ವಾಧೀನಕ್ಕೆ ತೆಗೆದುಕೊಳ್ಳುವ ಕಾಯಿದೆಯನ್ನೂ ತಂದಾಗ, ಕೆ.ಆರ್. ಲಕ್ಷ್ಮಣನ್ ಪ್ರಕರಣವೆಂದು ಹೆಸರಾದ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟು 1996ರ ಜನವರಿಯಲ್ಲಿ ಕುದುರೆ ಪಂದ್ಯ ಮುಖ್ಯವಾಗಿ ಕೌಶಲದ ಆಟ, ಅದೃಷ್ಟದ ಆಟವಲ್ಲ ಎಂದು ತೀರ್ಮಾನಿಸಿತು. ಕುದುರೆಯ ವಂಶ, ತರಬೇತಿ, ಹಿಂದಿನ ಓಟಗಳು, ಜಾಕಿಯ ಚಾತುರ್ಯ ಇವನ್ನೆಲ್ಲ ತೂಗಿ ನೋಡಿ ಬಾಜಿ ಕಟ್ಟುವವನು ಬುದ್ಧಿ ಬಳಸುತ್ತಾನೆ, ಆದ್ದರಿಂದ ಅದು ಜೂಜಲ್ಲ ಎಂಬುದು ಆ ತೀರ್ಪಿನ ತಿರುಳು. ಈ ತರ್ಕದ ಬುಡದಲ್ಲಿರುವುದು ಮಾಹಿತಿ. ಕುದುರೆಯ ಕಾಲು ನೋವನ್ನು ಮರೆಸುವ ಚುಚ್ಚುಮದ್ದು ಬಿದ್ದಿದೆಯೆಂದು ಲಾಯದ ನಾಲ್ವರಿಗೆ ಮಾತ್ರ ಗೊತ್ತಿದ್ದು, ಹಣ ಕಟ್ಟುವ ಸಾವಿರಾರು ಮಂದಿಗೆ ಗೊತ್ತಿಲ್ಲದಿದ್ದರೆ, ಆ ನಾಲ್ವರ ಪಾಲಿಗೆ ಅದು ಕೌಶಲವೂ ಅಲ್ಲ, ಅದೃಷ್ಟವೂ ಅಲ್ಲ. ಉಳಿದವರ ಪಾಲಿಗೆ ಮಾತ್ರ ಶುದ್ಧ ಜೂಜು. ಕುದುರೆಯ ಆರೋಗ್ಯದ ದಾಖಲೆ ಮುಚ್ಚಿಟ್ಟಷ್ಟೂ 1996ರ ತೀರ್ಪಿನ ನೆಲ ಕುಸಿಯುತ್ತ ಹೋಗುತ್ತದೆಂಬ ಮಾತು ನ್ಯಾಯಾಲಯದಲ್ಲಿ ಇನ್ನೂ ಗಟ್ಟಿಯಾಗಿ ಕೇಳಿಬಂದಿಲ್ಲ. ಕೇಳಿಬರುವವರೆಗೆ ಕಾಯುವುದು ಜಾಣತನವೂ ಅಲ್ಲ.

ಅಮೆರಿಕ ಕಾಯುತ್ತ ಕುಳಿತು ಏನಾಯಿತೆಂಬುದನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ನೋಡುವುದು ಯೋಗ್ಯ. ಅಲ್ಲಿ ಪಂದ್ಯದ ಆಡಳಿತ ಬಹುಕಾಲ ರಾಜ್ಯ ಆಯೋಗಗಳ ಕೈಯಲ್ಲಿತ್ತು. ಒಂದು ರಾಜ್ಯದಲ್ಲಿ ಓಟಕ್ಕೆ ಎಷ್ಟೋ ದಿನ ಮುಂಚೆ ನಿಲ್ಲಿಸಬೇಕಾದ ಔಷಧಿಯನ್ನು ಪಕ್ಕದ ರಾಜ್ಯದಲ್ಲಿ ಇನ್ನಷ್ಟು ಹತ್ತಿರದವರೆಗೆ ಕೊಡಬಹುದಾಗಿತ್ತು, ಒಂದೆಡೆ ಅಮಾನತಾದ ತರಬೇತುದಾರ ಮತ್ತೊಂದೆಡೆ ಸಣ್ಣ ದಂಡ ಕಟ್ಟಿ ಪಾರಾಗಬಹುದಾಗಿತ್ತು. ಓಟದ ಶ್ರಮಕ್ಕೆ ಶ್ವಾಸಕೋಶದಲ್ಲಿ ರಕ್ತ ಒಸರುವ ಕುದುರೆಗಳಿಗೆ ಕೊಡುವ, ದೇಹದ ನೀರನ್ನು ಹೊರಹಾಕುವ ಫ್ಯೂರೋಸಮೈಡ್ ಎಂಬ ಔಷಧಿ ಪಂದ್ಯದ ದಿನವೇ ಬಹುಪಾಲು ಕುದುರೆಗಳ ಮೈಗೆ ಸೇರುತ್ತಿತ್ತು. ಚಿಕಿತ್ಸೆಯಾಗಿ ಆರಂಭವಾದದ್ದು ವಾಡಿಕೆಯಾಗಿ ಬೆಳೆದಿತ್ತು. ಕ್ಯಾಲಿಫೋರ್ನಿಯಾದ ಸಾಂಟಾ ಅನಿಟಾ ಅಂಗಳದಲ್ಲಿ 2018ರ ಡಿಸೆಂಬರಿನಲ್ಲಿ ಶುರುವಾದ ಋತುವಿನಲ್ಲಿ 2019ರ ಜೂನ್ ವೇಳೆಗೆ ಸುಮಾರು ಮೂವತ್ತು ಕುದುರೆಗಳು ಸತ್ತಾಗ, ಪಂದ್ಯ ನೋಡದವರ ಕಣ್ಣೂ ಅತ್ತ ತಿರುಗಿತು. 2020ರ ಮಾರ್ಚಿನಲ್ಲಿ ನ್ಯೂಯಾರ್ಕಿನ ಫೆಡರಲ್ ಪ್ರಾಸಿಕ್ಯೂಟರ್‌ಗಳು ಜೇಸನ್ ಸರ್ವಿಸ್, ಜಾರ್ಜ್ ನವಾರೊ ಎಂಬ ಹೆಸರಾಂತ ತರಬೇತುದಾರರು ಸೇರಿದಂತೆ ಇಪ್ಪತ್ತಕ್ಕೂ ಹೆಚ್ಚು ಮಂದಿಯ ಮೇಲೆ ಮದ್ದು ಬಳಕೆಯ ಆರೋಪ ಹೊರಿಸಿದರು. ಮುಂದೆ ನವಾರೊಗೆ ಐದು ವರ್ಷ, ಸರ್ವಿಸ್‌ಗೆ ನಾಲ್ಕು ವರ್ಷ ಜೈಲು ಶಿಕ್ಷೆಯಾಯಿತು. ಆ ಪ್ರಕರಣದಲ್ಲಿ ಗಮನಿಸಬೇಕಾದ ಅಂಶ ಶಿಕ್ಷೆಯ ಅವಧಿಯಲ್ಲ. ಪಂದ್ಯದ ಪ್ರಯೋಗಾಲಯಗಳು ವರ್ಷಗಟ್ಟಲೆ ಮಾದರಿಗಳನ್ನು ಪರೀಕ್ಷಿಸುತ್ತಿದ್ದರೂ ಅಪರಾಧ ಬಯಲಿಗೆ ಬಂದದ್ದು ಪೊಲೀಸ್ ತನಿಖೆಯಿಂದ, ಫೋನ್ ಕದ್ದಾಲಿಕೆಯಿಂದ, ಮೂತ್ರದ ಸೀಸೆಯಿಂದಲ್ಲ.

ಮರುವರ್ಷ, 2021ರ ಮೇ ತಿಂಗಳಲ್ಲಿ, ಕೆಂಟಕಿ ಡರ್ಬಿಯಲ್ಲಿ ಮೊದಲು ಬಂದ ಮೆಡಿನಾ ಸ್ಪಿರಿಟ್ ಎಂಬ ಕುದುರೆಯ ಮಾದರಿಯಲ್ಲಿ ಬೀಟಾಮೆಥಾಸೋನ್ ಎಂಬ ಉರಿಯೂತ ತಗ್ಗಿಸುವ ಸ್ಟೆರಾಯ್ಡ್ ಕಂಡುಬಂದಿತು. ಚಿಕಿತ್ಸೆಗೆ ಅನುಮತಿಯಿದ್ದರೂ ಓಟದ ದಿನ ಮೈಯಲ್ಲಿ ಇರಬಾರದ ವಸ್ತು ಅದು. ಚರ್ಮಕ್ಕೆ ಹಚ್ಚಿದ ಮುಲಾಮಿನಿಂದ ಬಂದದ್ದೆಂದು ಕುದುರೆಯ ಕಡೆಯವರು ವಾದಿಸಿದರು. ಆ ವರ್ಷದ ಡಿಸೆಂಬರಿನಲ್ಲಿ ಕುದುರೆ ಬೆಳಗಿನ ತಾಲೀಮಿನ ಬಳಿಕ ಸತ್ತಿತು. 2022ರ ಫೆಬ್ರವರಿಯಲ್ಲಿ ಅದರ ಗೆಲುವು ರದ್ದಾಗಿ ಮ್ಯಾಂಡಲೂನ್ ವಿಜೇತನೆನಿಸಿತು. ಓಟದ ದಿನವೇ ಬಾಜಿಯ ಹಣ ಹಂಚಿಹೋಗಿತ್ತು. ಒಂಬತ್ತು ತಿಂಗಳ ಮೇಲೆ ಬದಲಾದ ಫಲಿತಾಂಶದಿಂದ ಮ್ಯಾಂಡಲೂನ್ ಮೇಲೆ ಹಣ ಕಟ್ಟಿದವರಿಗೆ ಬಿಡಿಗಾಸೂ ಬರಲಿಲ್ಲ.

ಇಷ್ಟರ ನಡುವೆ, 2020ರ ಡಿಸೆಂಬರಿನಲ್ಲಿ ಅಮೆರಿಕದ ಕಾಂಗ್ರೆಸ್ ಕುದುರೆ ಪಂದ್ಯದ ಪ್ರಾಮಾಣಿಕತೆ ಮತ್ತು ಸುರಕ್ಷತೆಯ ಕಾಯಿದೆಯನ್ನು ಅಂಗೀಕರಿಸಿತ್ತು. ಅದರಿಂದ ಹುಟ್ಟಿದ, ಹೀಸಾ ಎಂಬ ಹ್ರಸ್ವನಾಮದ ಪ್ರಾಧಿಕಾರ ಫೆಡರಲ್ ಟ್ರೇಡ್ ಕಮಿಷನ್ನಿನ ಮೇಲ್ವಿಚಾರಣೆಯಲ್ಲಿ ಕೆಲಸ ಮಾಡುತ್ತದೆ. ಅಂಗಳದ ಸುರಕ್ಷತೆಯ ನಿಯಮಗಳು 2022ರ ಜುಲೈ 1ರಿಂದಲೂ ಮದ್ದು ನಿಯಂತ್ರಣದ ನಿಯಮಗಳು 2023ರ ಮೇ ತಿಂಗಳಿಂದಲೂ ಜಾರಿಯಾದವು. ಪಶುವೈದ್ಯರು ಕೊಟ್ಟ ಪ್ರತಿ ಚಿಕಿತ್ಸೆಯನ್ನೂ ಪ್ರಾಧಿಕಾರಕ್ಕೆ ವರದಿ ಮಾಡಬೇಕು. ಓಟದಲ್ಲಿ ಜಾಕಿ ಚಾವಟಿಯನ್ನು ಆರು ಸಲಕ್ಕಿಂತ ಹೆಚ್ಚು ಬೀಸುವಂತಿಲ್ಲ. ಮದ್ದಿನ ಪ್ರಕರಣದ ವಿಚಾರಣೆ ನಡೆಸುವುದು ಅಂಗಳದ ಮಾಲೀಕರಲ್ಲ, ಬೇರೆಯೇ ಘಟಕ. ಖರ್ಚು ತೆರಿಗೆದಾರರದ್ದಲ್ಲ, ಪಂದ್ಯದ ಉದ್ಯಮದ್ದು. ಸುಧಾರಣೆ ಸಲೀಸಾಗಿ ನಡೆಯಿತೆಂದು ಯಾರೂ ಭಾವಿಸಬಾರದು: 2023ರ ವಸಂತದಲ್ಲಿ ಡರ್ಬಿ ನಡೆಯುವ ಚರ್ಚಿಲ್ ಡೌನ್ಸ್ ಅಂಗಳದಲ್ಲೇ ಕೆಲವು ವಾರಗಳಲ್ಲಿ ಹನ್ನೆರಡು ಕುದುರೆಗಳು ಸತ್ತು ಋತುವಿನ ಉಳಿದ ಪಂದ್ಯಗಳನ್ನು ಎಲಿಸ್ ಪಾರ್ಕ್ ಎಂಬ ಇನ್ನೊಂದು ಅಂಗಳಕ್ಕೆ ಸ್ಥಳಾಂತರಿಸಬೇಕಾಯಿತು, ಖಾಸಗಿ ಸಂಸ್ಥೆಯೊಂದಕ್ಕೆ ಸರ್ಕಾರದ ಅಧಿಕಾರ ಕೊಟ್ಟದ್ದು ಸಂವಿಧಾನಕ್ಕೆ ಒಪ್ಪುವುದೇ ಎಂಬ ವ್ಯಾಜ್ಯದಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯಗಳು ಒಂದಕ್ಕೊಂದು ವಿರುದ್ಧವಾದ ತೀರ್ಪುಗಳನ್ನು ಕೊಟ್ಟಿವೆ. ಆದರೂ ಒಂದು ಅಂಕಿ ಉಳಿದ ಮಾತುಗಳಿಗಿಂತ ಹೆಚ್ಚು ಹೇಳುತ್ತದೆ. ಒಂದು ಕುದುರೆ ಒಂದು ಪಂದ್ಯದಲ್ಲಿ ಓಡುವುದನ್ನು ಒಂದು ಓಟವೆಂದು ಎಣಿಸಿದರೆ, 2009ರಲ್ಲಿ ಅಮೆರಿಕದಲ್ಲಿ ಸಾವಿರ ಓಟಗಳಿಗೆ ಎರಡು ಕುದುರೆಗಳು ಸಾಯುತ್ತಿದ್ದವು; 2024ರಲ್ಲಿ ಹೀಸಾ ನಿಯಮಗಳಿಗೆ ಒಳಪಟ್ಟ ಅಂಗಳಗಳಲ್ಲಿ ಆ ಪ್ರಮಾಣ 0.90ಕ್ಕೆ ಇಳಿಯಿತು. ಇಳಿದದ್ದಕ್ಕಿಂತ ಮುಖ್ಯವಾದುದು, 2009ರಲ್ಲಿ ಎಣಿಸಲು ಆರಂಭಿಸಿದ್ದರಿಂದ ಇಳಿಯಿತೆಂದು ಹೇಳಲು ಸಾಧ್ಯವಾದದ್ದು.

ಭಾರತದ ಕ್ಲಬ್ಬುಗಳು ಸೇರಿ ಅಂಥ ಒಂದು ಸಾರ್ವಜನಿಕ ಲೆಕ್ಕವನ್ನು ವರ್ಷ ವರ್ಷ ಪ್ರಕಟಿಸುವ ಪದ್ಧತಿ ಬೆಳೆದಿಲ್ಲ. ಅಮೆರಿಕದಲ್ಲಿ ಹೆಚ್ಚಿನ ಓಟಗಳು ಮಣ್ಣಿನ ಹಾದಿಯ ಮೇಲೆ, ಭಾರತದ ಪ್ರಮುಖ ಓಟಗಳು ಹುಲ್ಲಿನ ಮೇಲೆ; ಮಣ್ಣಿಗಿಂತ ಹುಲ್ಲು ಕುದುರೆಯ ಕಾಲಿಗೆ ಹೆಚ್ಚು ಸೌಮ್ಯವೆಂದು ಅಲ್ಲಿನ ಅಂಕಿಗಳೇ ಹೇಳುವುದರಿಂದ ಇಲ್ಲಿನ ಸಾವಿನ ಪ್ರಮಾಣ ಅಲ್ಲಿನದಕ್ಕಿಂತ ಕಡಿಮೆಯಿರಲೂಬಹುದು. ಹಾಗಿದ್ದರೆ ಅದನ್ನು ಎದೆತಟ್ಟಿ ಹೇಳಿಕೊಳ್ಳಲು ಕ್ಲಬ್ಬುಗಳ ಬಳಿ ದಾಖಲೆ ಇರಬೇಕು. ಪಂದ್ಯದ ದಿನ ಸತ್ತ ಕುದುರೆಯನ್ನು ಸಾವಿರಾರು ಜನ ನೋಡುತ್ತಾರೆ. ಬೆಳಗಿನ ಜಾವದ ತಾಲೀಮಿನಲ್ಲಿ, ಮರಳ ಹಾದಿಯ ಮೇಲೆ ಕಾಲು ಮುರಿದುಕೊಂಡ ಕುದುರೆಯನ್ನು ನೋಡುವವರು ಅದರ ಸವಾರ ಮತ್ತು ಸೈಸ್, ಎಂದರೆ ಲಾಯದಲ್ಲಿ ಅದನ್ನು ತಿಕ್ಕಿ ತೊಳೆದು ಮೇವಿಕ್ಕುವ ಆಳು, ಇವರಿಬ್ಬರೇ. ಹೀಸಾ ಈಗ ತಾಲೀಮಿನ ಸಾವುಗಳನ್ನೂ ಲೆಕ್ಕಕ್ಕೆ ತಂದಿದೆ. ಇಲ್ಲಿಯ ಲೆಕ್ಕವೂ ಅಲ್ಲಿಂದಲೇ ಶುರುವಾಗಬೇಕು.

ಮದ್ದಿನ ವಿಷಯಕ್ಕೆ ಬಂದರೆ, ಕನ್ನಡ ಓದುಗರಿಗೆ ನೆನಪಿರುವ ಹೆಸರು ಕ್ವೀನ್ ಲತೀಫಾ. 2017ರ ಮಾರ್ಚಿನಲ್ಲಿ ಬೆಂಗಳೂರಿನಲ್ಲಿ ಗೆದ್ದ ಈ ಕುದುರೆಯ ಮಾದರಿಯಲ್ಲಿ ಪ್ರೊಕೇನ್ ಎಂಬ, ನೋವು ಮರೆಸುವ ವಸ್ತು ಪತ್ತೆಯಾದ ವರದಿ ಹೊರಬಿದ್ದು, ಮುಂದೆ ವಿಷಯ ಹೈಕೋರ್ಟನ್ನೂ ಸಿಐಡಿ ತನಿಖೆಯನ್ನೂ ಮುಟ್ಟಿತು. ಯಾರ ತಪ್ಪೆಂದು ತೀರ್ಮಾನಿಸುವುದು ಈ ಪತ್ರದ ಕೆಲಸವಲ್ಲ. ಆದರೆ ಪ್ರೊಕೇನ್‌ಗೆ ಎರಡು ಮುಖಗಳಿವೆ: ಕಾಲಿನ ನರವನ್ನು ಮರಗಟ್ಟಿಸಿ ಕುಂಟನ್ನು ಮುಚ್ಚಲು ಅದನ್ನು ಬಳಸಬಹುದು, ಸೋಂಕಿಗೆ ಕೊಡುವ ಸಾಮಾನ್ಯ ಪೆನಿಸಿಲಿನ್ ಚುಚ್ಚುಮದ್ದಿನ ಜೊತೆಗೂ ಅದು ಮೈ ಸೇರಬಹುದು. ಎರಡರಲ್ಲಿ ಯಾವುದು ನಡೆದದ್ದೆಂಬುದನ್ನು ಹೇಳಬಲ್ಲದ್ದು ಪ್ರಯೋಗಾಲಯವಲ್ಲ, ಯಾವ ದಿನ ಯಾವ ವೈದ್ಯರು ಏನು ಕೊಟ್ಟರೆಂಬ ಬರಹ. ಆ ಬರಹ ಕ್ಲಬ್ಬಿನ ಕಪಾಟಿನಲ್ಲಿದ್ದು, ಕ್ಲಬ್ಬಿನ ಸದಸ್ಯರೇ ಕುದುರೆಯ ಮಾಲೀಕರಾಗಿದ್ದು, ಅದೇ ಸದಸ್ಯರು ಆರಿಸಿದ ಸ್ಟೀವರ್ಡ್‌ಗಳೇ ವಿಚಾರಣೆ ನಡೆಸಿ, ಬಾಜಿಯ ವಹಿವಾಟಿನಿಂದ ಕ್ಲಬ್ಬಿಗೇ ಆದಾಯ ಬರುವಾಗ, ತೀರ್ಪು ನ್ಯಾಯವಾಗಿದ್ದರೂ ನ್ಯಾಯವೆಂದು ಯಾರೂ ನಂಬುವುದಿಲ್ಲ. ಸ್ಟೀವರ್ಡ್‌ಗಳಲ್ಲಿ ಅನೇಕರು ಸಂಭಾವನೆಯಿಲ್ಲದೆ, ಪಂದ್ಯದ ಪ್ರೀತಿಗಾಗಿ ದುಡಿಯುವವರು. ದೋಷವಿರುವುದು ಅವರ ನಡತೆಯಲ್ಲಲ್ಲ, ಅವರನ್ನು ಕೂರಿಸಿರುವ ಜಾಗದಲ್ಲಿ.

ಸರ್ಕಾರದ ಕಾಯಿದೆಯಾದರೂ ಇದೆಯಲ್ಲ ಎಂಬ ಸಮಾಧಾನಕ್ಕೂ ಹೆಚ್ಚು ಆಸ್ಪದವಿಲ್ಲ. 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯ 11ನೇ ಕಲಂ ಪ್ರಾಣಿಗೆ ಬೇಕೆಂತಲೇ ಹಾನಿಕರ ಔಷಧಿ ಕೊಡುವುದನ್ನು ಅಪರಾಧವೆನ್ನುತ್ತದೆ. ಮೊದಲ ಬಾರಿಯ ಅಪರಾಧಕ್ಕೆ ದಂಡ ಹತ್ತರಿಂದ ಐವತ್ತು ರೂಪಾಯಿ. ರೇಸ್‌ಕೋರ್ಸಿನ ಕ್ಯಾಂಟೀನಿನಲ್ಲಿ ಆ ದುಡ್ಡಿಗೆ ಒಂದು ಊಟ ಸಿಗುವುದೂ ಅನುಮಾನ. ಕುದುರೆಗಳ ಪ್ರದರ್ಶನವನ್ನೂ ಒಳಗೊಳ್ಳುವ 2001ರ ಪ್ರದರ್ಶನ ಪ್ರಾಣಿಗಳ ನೋಂದಣಿ ನಿಯಮಗಳು ಇದಕ್ಕಿಂತ ಕೊಂಚ ಗಟ್ಟಿ. ಆದರೆ ನೋಂದಣಿಯೆಂಬುದು ವರ್ಷವಿಡೀ ಲಾಯದಲ್ಲಿ ನಡೆಯುವುದರ ಮೇಲ್ವಿಚಾರಣೆಗೆ ಬದಲಿಯಾಗಲಾರದು.

ತೆರಿಗೆಯ ಬಗ್ಗೆ ಕ್ಲಬ್ಬುಗಳ ದೂರು ನ್ಯಾಯವಾದದ್ದೇ. ಕಟ್ಟಿದ ಹಣವನ್ನೆಲ್ಲ ಒಂದೇ ರಾಶಿಗೆ ಹಾಕಿ, ತೆರಿಗೆಯನ್ನೂ ಕ್ಲಬ್ಬಿನ ಪಾಲನ್ನೂ ಕಳೆದು ಉಳಿದದ್ದನ್ನು ಗೆದ್ದವರಿಗೆ ಹಂಚುವ ಯಂತ್ರಾಧಾರಿತ ಪದ್ಧತಿಗೆ ಟೋಟಲೈಸೇಟರ್ ಅಥವಾ ಟೋಟ್ ಎಂದು ಹೆಸರು; ಇದರ ಮೇಲೆ ಜಿಎಸ್‌ಟಿ ಕ್ಲಬ್ಬಿನ ಪಾಲಿಗಷ್ಟೇ ಬೀಳಬೇಕು, ಇಡೀ ಬಾಜಿಗಲ್ಲ ಎಂದು ಕರ್ನಾಟಕ ಹೈಕೋರ್ಟಿನ ಏಕಸದಸ್ಯ ಪೀಠ 2021ರ ಜೂನ್‌ನಲ್ಲಿ ಹೇಳಿತ್ತು. ಜಿಎಸ್‌ಟಿ ಮಂಡಳಿಯ ಶಿಫಾರಸಿನ ಮೇಲೆ ಕಾನೂನನ್ನೇ ತಿದ್ದಿ 2023ರ ಅಕ್ಟೋಬರಿನಿಂದ ಪೂರ್ತಿ ಬಾಜಿಯ ಮೇಲೆ ಶೇ 28ನ್ನು ಖಾಯಂ ಮಾಡಲಾಯಿತು, 2025ರ ಸೆಪ್ಟೆಂಬರ್ 22ರಿಂದ ಅದನ್ನು ಶೇ 40ಕ್ಕೆ ಏರಿಸಲಾಯಿತು. ನೂರು ರೂಪಾಯಿ ಬಾಜಿಗೆ ನಲವತ್ತು ತೆರಿಗೆ ಕೇಳುವ ಕಿಟಕಿಯ ಬದಲು ಏನೂ ಕೇಳದ ಕಳ್ಳ ಬುಕ್ಕಿಯ ಬಳಿಗೆ ಜನ ಹೋಗುತ್ತಾರೆ. ಸರ್ಕಾರಕ್ಕೂ ಬರುವುದಿಲ್ಲ, ಕುದುರೆಗೂ ಬರುವುದಿಲ್ಲ. ಪ್ರತಿ ಐಪಿಎಲ್ ಋತುವಿನಲ್ಲೂ ವಿಜಯವಾಡ, ವಿಶಾಖಪಟ್ಟಣಗಳಲ್ಲಿ ಕ್ರಿಕೆಟ್ ಬೆಟ್ಟಿಂಗ್ ಜಾಲಗಳ ಮೇಲೆ ಪೊಲೀಸರು ದಾಳಿ ನಡೆಸುವ ಸುದ್ದಿ ಓದಿದವರಿಗೆ, 2020ರಲ್ಲಿ ಆಂಧ್ರ ತನ್ನ 1974ರ ಜೂಜು ಕಾಯಿದೆಯನ್ನು ತಿದ್ದಿ ಆನ್‌ಲೈನ್ ಆಟಗಳನ್ನು ನಿಷೇಧಿಸಿದ ಮೇಲೂ ಹಣ ಕಟ್ಟುವ ಚಟ ಬೇರೆ ದಾರಿ ಹುಡುಕಿಕೊಂಡಿತೇ ಹೊರತು ನಿಲ್ಲಲಿಲ್ಲವೆಂಬುದನ್ನು ವಿವರಿಸಬೇಕಿಲ್ಲ. ಆದರೂ ತೆರಿಗೆ ಇಳಿಸಿರೆಂದು ಸರ್ಕಾರದ ಮುಂದೆ ನಿಲ್ಲುವವರ ಕೈಯಲ್ಲಿ ಶುದ್ಧ ಲೆಕ್ಕಪತ್ರ ಇರಬೇಕು. 2024ರ ಆರಂಭದಲ್ಲಿ ಬೆಂಗಳೂರಿನ ಬುಕ್ಕಿಗಳ ಮೇಲೆ ತೆರಿಗೆ ವಂಚನೆಯ ಆರೋಪದಲ್ಲಿ ದಾಳಿ ನಡೆದು, ಆ ಜೂನ್‌ನಲ್ಲಿ ಅಲ್ಲಿನ ಕ್ಲಬ್ಬಿಗೆ ಪಂದ್ಯದ ಪರವಾನಗಿಯೇ ನಿರಾಕರಣೆಯಾಗಿ, ಹೈಕೋರ್ಟಿನ ಏಕಸದಸ್ಯ ಪೀಠ ಕೊಟ್ಟ ಮಧ್ಯಂತರ ಅನುಮತಿಗೆ ವಿಭಾಗೀಯ ಪೀಠ ತಡೆಯೊಡ್ಡಿದ ದಿನಗಳಲ್ಲಿ, ಕ್ಲಬ್ಬಿನ ಪರವಾಗಿ ಬೀದಿಯಲ್ಲಿ ನಿಂತ ಸಾಮಾನ್ಯ ಪ್ರೇಕ್ಷಕರು ಎಷ್ಟು ಮಂದಿಯಿದ್ದರು ಎಂಬುದನ್ನು ತಾವೇ ಯೋಚಿಸಬಹುದು.

ನೆಲದ ಮಾತೂ ಅಷ್ಟೇ, ಅಲ್ಲಿಯೂ ಕ್ಲಬ್ಬುಗಳಿಗೆ ಬೇಕಾದದ್ದು ಜನರ ನಂಬಿಕೆ. ಬೆಂಗಳೂರಿನ ನಡುವೆ ಸುಮಾರು 85 ಎಕರೆಯ ರೇಸ್‌ಕೋರ್ಸಿನ ಗುತ್ತಿಗೆ 2009ರ ಕೊನೆಗೇ ಮುಗಿದಿದ್ದು ಕುಣಿಗಲ್ಲಿಗೆ ಸ್ಥಳಾಂತರದ ಮಾತು ಮತ್ತೆ ಮತ್ತೆ ಏಳುತ್ತಿದೆ. ತಮಿಳುನಾಡು ಸರ್ಕಾರ 2024ರಲ್ಲಿ ಬಾಡಿಗೆ ಬಾಕಿಯ ಕಾರಣಕ್ಕೆ ಊಟಿಯ ಅಂಗಳವನ್ನೂ, ಚೆನ್ನೈನ ಗಿಂಡಿಯ ಸುಮಾರು 160 ಎಕರೆಯನ್ನೂ ವಶಕ್ಕೆ ಪಡೆಯಿತು.

ಓಡಿ ಮುಗಿಸಿದ ಕುದುರೆಗಳ ಕಥೆ ಇವೆಲ್ಲಕ್ಕಿಂತ ಕತ್ತಲೆಯದು. ಥರೋಬ್ರೆಡ್ ತಳಿಯ ಕುದುರೆ ಇಪ್ಪತ್ತು ವರ್ಷಕ್ಕೂ ಮೀರಿ ಬದುಕಬಲ್ಲದು. ಅದು ಓಡುವುದು ಸಾಮಾನ್ಯವಾಗಿ ಎರಡನೆಯ ವಯಸ್ಸಿನಿಂದ ಏಳೆಂಟರವರೆಗೆ. ಉಳಿದ ಬದುಕಿನಲ್ಲಿ ಅದು ಸವಾರಿ ಶಾಲೆಯಲ್ಲಿದೆಯೋ, ಮದುವೆ ಮೆರವಣಿಗೆಯಲ್ಲಿದೆಯೋ, ಕಡಲತೀರದಲ್ಲಿ ಮಕ್ಕಳನ್ನು ಹೊತ್ತು ತಿರುಗುತ್ತಿದೆಯೋ ಕೇಳುವವರಿಲ್ಲ. ವಿಶಾಖಪಟ್ಟಣದ ರಾಮಕೃಷ್ಣ ಬೀಚಿನಂಥ ಕಡೆ ಸವಾರಿಗೆ ನಿಂತ ಕುದುರೆಯ ಹುಟ್ಟಿನ ದಾಖಲೆಯನ್ನು ಯಾವ ಪ್ರವಾಸಿ ತಾನೇ ಕೇಳಿಯಾನು? 2025ರ ಬೇಸಿಗೆಯಲ್ಲಿ ಹೈದರಾಬಾದಿನಿಂದ 57 ಕುದುರೆಗಳನ್ನು ಮಧ್ಯಪ್ರದೇಶದ ಜಬಲ್‌ಪುರದ ಬಳಿಗೆ ಸಾಗಿಸಿದ ಕೆಲವೇ ದಿನಗಳಲ್ಲಿ ಎಂಟು ಸತ್ತು, ಆಮೇಲೆ ಇನ್ನಷ್ಟು ಸತ್ತು, ಪ್ರಕರಣ ಅಲ್ಲಿನ ಹೈಕೋರ್ಟಿಗೆ ಹೋದಾಗ, ಆ ಕುದುರೆಗಳು ಯಾರವು, ಯಾರ ಹೊಣೆಯಲ್ಲಿದ್ದವು ಎಂಬುದೇ ಮೊದಲ ವಿವಾದವಾಯಿತು. ಓಡುವಾಗ ಪ್ರತಿ ಕುದುರೆಗೂ ತಂದೆ ತಾಯಿ ಸಮೇತ ಗುರುತಿನ ದಾಖಲೆ ಇಡುವ ವ್ಯವಸ್ಥೆ, ಓಟ ನಿಂತ ಮರುದಿನವೇ ಕುರುಡಾಗಬೇಕಾದ ಕಾರಣವಿಲ್ಲ. ಅಮೆರಿಕದಲ್ಲಿ 2012ರಲ್ಲಿ ಆರಂಭವಾದ ಥರೋಬ್ರೆಡ್ ಆಫ್ಟರ್‌ಕೇರ್ ಅಲಯನ್ಸ್ ನಿವೃತ್ತ ಕುದುರೆಗಳನ್ನು ಸಾಕುವ ಸಂಸ್ಥೆಗಳನ್ನು ಪರಿಶೀಲಿಸಿ ಮಾನ್ಯತೆಯನ್ನೂ ಧನಸಹಾಯವನ್ನೂ ಕೊಡುತ್ತದೆ. ಇಲ್ಲಿಯೂ ಪ್ರತಿ ಪಂದ್ಯದ ಬಹುಮಾನದ ಹಣದಿಂದ ಸಣ್ಣದೊಂದು ಪಾಲನ್ನು ಮೊದಲೇ ತೆಗೆದಿಡುವುದಕ್ಕೂ, ಮಾಲೀಕತ್ವದ ಪ್ರತಿ ಬದಲಾವಣೆಯನ್ನು ಕುದುರೆ ಸಾಯುವವರೆಗೆ ದಾಖಲಿಸುವುದಕ್ಕೂ ಯಾವ ಹೊಸ ಕಾಯಿದೆಯ ಅಗತ್ಯವೂ ಇಲ್ಲ. ಕ್ಲಬ್ಬುಗಳ ನಿಯಮಾವಳಿಯಲ್ಲಿ ಎರಡು ವಾಕ್ಯ ಸೇರಿಸಿದರೆ ಸಾಕು.

ಸ್ವತಂತ್ರ ಪ್ರಾಧಿಕಾರಕ್ಕಾದರೆ ಕಾಯಿದೆ ಬೇಕು, ಮತ್ತು ಇಲ್ಲಿ ಸಂವಿಧಾನದ ತೊಡಕೊಂದಿದೆ. ಬಾಜಿ ಮತ್ತು ಜೂಜು ಏಳನೆಯ ಅನುಸೂಚಿಯ ರಾಜ್ಯ ಪಟ್ಟಿಯಲ್ಲಿ 34ನೇ ವಿಷಯ. ಕೇಂದ್ರ ತಾನಾಗಿ ಇದರ ಮೇಲೆ ಕಾಯಿದೆ ಮಾಡುವುದು ವ್ಯಾಜ್ಯಕ್ಕೆ ಆಹ್ವಾನ. ಆದರೆ ಪ್ರಾಣಿ ಹಿಂಸೆಯ ತಡೆ ಸಮವರ್ತಿ ಪಟ್ಟಿಯ 17ನೇ ವಿಷಯ. ಆದ್ದರಿಂದ ಮದ್ದು, ಚಿಕಿತ್ಸೆಯ ದಾಖಲೆ, ಸಾವಿನ ಲೆಕ್ಕ, ನಿವೃತ್ತಿ ಇವಿಷ್ಟನ್ನು ಬಾಜಿಯಿಂದ ಬೇರ್ಪಡಿಸಿ, ಕುದುರೆಯ ಹಿತದ ಹೆಸರಿನಲ್ಲಿ ಕೇಂದ್ರ ಕಾಯಿದೆಗೆ ತರುವುದು ಸಾಧ್ಯ. ಇನ್ನೂ ಗಟ್ಟಿಯಾದ ದಾರಿ 252ನೇ ವಿಧಿ: ಎರಡು ಅಥವಾ ಹೆಚ್ಚು ರಾಜ್ಯಗಳ ಶಾಸನಸಭೆಗಳು ನಿರ್ಣಯ ಮಾಡಿ ಕೇಳಿಕೊಂಡರೆ ಸಂಸತ್ತು ರಾಜ್ಯ ಪಟ್ಟಿಯ ವಿಷಯದ ಮೇಲೂ ಆ ರಾಜ್ಯಗಳಿಗೆ ಅನ್ವಯಿಸುವ ಕಾಯಿದೆ ಮಾಡಬಹುದು, ಉಳಿದ ರಾಜ್ಯಗಳು ಆಮೇಲೆ ಸೇರಿಕೊಳ್ಳಬಹುದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಹುಟ್ಟಿದ್ದು ಹೀಗೆಯೇ. ಹಾಗೆ ಮಾಡಿದ ಕಾಯಿದೆಯನ್ನು ತಿದ್ದುವ ಅಧಿಕಾರ ಮತ್ತೆ ಸಂಸತ್ತಿಗೆ ಮಾತ್ರ ಎಂಬುದು ರಾಜ್ಯಗಳು ತೆರಬೇಕಾದ ಬೆಲೆ. ಅಮೆರಿಕದ ನ್ಯಾಯಾಲಯಗಳಲ್ಲಿ ನಡೆದ ವರ್ಷಗಳ ಜಗ್ಗಾಟಕ್ಕೆ ಹೋಲಿಸಿದರೆ ಇದು ಹಗುರ ಬೆಲೆ.

ಕರ್ನಾಟಕ, ತೆಲಂಗಾಣಗಳು ಮೊದಲ ನಿರ್ಣಯ ಮಾಡುವ ಸಹಜ ಜೋಡಿ. ಆದರೆ ಮೂರನೆಯದಾಗಿ ಸೇರಬೇಕಾದದ್ದು ಆಂಧ್ರ. ಅಂಗಳವಿಲ್ಲದ ರಾಜ್ಯಕ್ಕೆ ಕ್ಲಬ್ಬೊಂದರ ಗುತ್ತಿಗೆಯ ಹಂಗಿಲ್ಲ, ಬಾಜಿಯ ತೆರಿಗೆಯ ಆಸೆಯಿಲ್ಲ. ಕೃಷ್ಣಾ, ಗೋದಾವರಿ ಜಿಲ್ಲೆಗಳ ಸಂಕ್ರಾಂತಿಯ ಕೋಳಿ ಪಂದ್ಯಗಳಲ್ಲಿ ಕಾಲಿಗೆ ಕತ್ತಿ ಕಟ್ಟಿದ ಹುಂಜಗಳ ಸುತ್ತ ಹಣ ಹರಿಯುವುದನ್ನು, ನ್ಯಾಯಾಲಯ ಆದೇಶ ಮಾಡಿದರೂ ಲೆಕ್ಕವಿಡುವವರು ಯಾರೂ ಇಲ್ಲದಿರುವುದನ್ನು ವರ್ಷ ವರ್ಷ ನೋಡುವ ಅಲ್ಲಿನ ಆಡಳಿತಕ್ಕೆ, ದಾಖಲೆಯಿಲ್ಲದ ಪಂದ್ಯದ ಅಂತ್ಯ ಏನೆಂಬುದು ಚೆನ್ನಾಗಿ ಗೊತ್ತು. ಮುಂದೊಂದು ದಿನ ವಿಶಾಖಪಟ್ಟಣದಲ್ಲೋ ವಿಜಯವಾಡದ ಆಸುಪಾಸಿನಲ್ಲೋ ಯಾರಾದರೂ ರೇಸ್‌ಕೋರ್ಸ್ ಕಟ್ಟಲು ಮುಂದೆ ಬಂದರೆ, ನಿಯಮ ಮೊದಲೇ ಸಿದ್ಧವಿದ್ದು ಅಂಗಳ ಆಮೇಲೆ ಏಳುವ ದೇಶದ ಮೊದಲ ರಾಜ್ಯ ಅದಾಗಬಹುದು.

ಕಾಯಿದೆ ಬರುವವರೆಗೆ ತಾವು ಕಾಯಬೇಕಾಗಿಲ್ಲದ ಕೆಲಸಗಳು ಮೂರಿವೆ. ಬರುವ ಋತುವಿನಿಂದ ಪ್ರತಿ ಪಂದ್ಯದ ಕಾರ್ಡಿನಲ್ಲಿ, ಕುದುರೆಯ ತೂಕ, ಜಾಕಿಯ ಹೆಸರು, ಹಿಂದಿನ ಓಟಗಳ ಪಕ್ಕದಲ್ಲಿ, ಕಳೆದ ಮೂವತ್ತು ದಿನಗಳಲ್ಲಿ ಅದಕ್ಕೆ ಕೊಟ್ಟ ಔಷಧಿಗಳ ಪಟ್ಟಿಯನ್ನೂ ಅಚ್ಚು ಮಾಡಬೇಕು. ವರ್ಷದ ಕೊನೆಗೆ ಓಟದಲ್ಲಿ ಎಷ್ಟು, ತಾಲೀಮಿನಲ್ಲಿ ಎಷ್ಟು ಕುದುರೆಗಳು ಸತ್ತವೆಂಬುದನ್ನು ನಾಲ್ಕೂ ಕ್ಲಬ್ಬುಗಳು ಒಂದೇ ನಮೂನೆಯಲ್ಲಿ ಪ್ರಕಟಿಸಬೇಕು. ಮದ್ದಿನ ಪ್ರಕರಣಗಳ ವಿಚಾರಣೆಗೆ ಯಾವ ಕ್ಲಬ್ಬಿನ ಸದಸ್ಯರೂ ಅಲ್ಲದ, ಯಾವ ಕುದುರೆಯ ಮಾಲೀಕರೂ ಅಲ್ಲದ ನಿವೃತ್ತ ನ್ಯಾಯಾಧೀಶರೊಬ್ಬರನ್ನೂ ಪಶುವೈದ್ಯರೊಬ್ಬರನ್ನೂ ನೇಮಿಸಿ, ಅವರ ತೀರ್ಪಿನ ಪೂರ್ಣ ಪಾಠವನ್ನು ಬಹಿರಂಗಪಡಿಸಬೇಕು. ಈ ಮೂರರಲ್ಲಿ ಮೊದಲನೆಯದು ಮಾಲೀಕರಿಗೂ ತರಬೇತುದಾರರಿಗೂ ಬಹಳ ಕಹಿಯೆನಿಸುವುದು ಖಂಡಿತ. ಅವರ ಆಕ್ಷೇಪಗಳು ಬರಹದಲ್ಲಿ, ಕಾರಣ ಸಮೇತ ಬರಲಿ, ಮತ್ತು ಆ ಬರಹವೂ ಕಾರ್ಡಿನ ಜೊತೆಗೇ ವಿಜಯವಾಡದ ಓದುಗನ ಕೈ ಸೇರಲಿ.